ಅಂಚು ಹುಟ್ಟುವ ಬಗೆ

ಬಡಗಿಗೆ ಉಳಿ, ಕ್ಷೌರಿಕನಿಗೆ ಕತ್ತಿ, ರೈತನಿಗೆ ಕುಡುಗೋಲು. ಇವೆಲ್ಲವುಗಳ ಬಲ ಅಡಗಿರುವುದು ಕೂದಲೆಳೆಯಷ್ಟು ತೆಳುವಾದ ಅಂಚಿನಲ್ಲಿ. ಚನ್ನಪಟ್ಟಣದ ಕುಶಲಕರ್ಮಿಯು ಮರದ ಬೊಂಬೆಯನ್ನು ಕಡೆಯುವಾಗ ಉಳಿಯನ್ನು ಕೈಯಲ್ಲಿಯೇ ಹಿಡಿದಿರುತ್ತಾನೆ. ಆದರೆ ಲೋಹವು ಮರದಷ್ಟು ಮೃದುವಲ್ಲ. ಆದುದರಿಂದ ಲೋಹವನ್ನು ಕಡೆಯುವ ಲೇತ್ ಯಂತ್ರದಲ್ಲಿ ಉಳಿಯನ್ನು ಭದ್ರವಾಗಿ ಬಿಗಿದಿರುತ್ತಾರೆ. ತಿರುಗುವುದು ಲೋಹದ ತುಂಡು. ಕೊಯ್ಯುವುದು ಆ ಉಳಿ. ಕಾರ್ಖಾನೆಯ ಮಾತಿನಲ್ಲಿ ಅದಕ್ಕೆ 'ಟೂಲ್' ಎಂದು ಹೆಸರು.

ಹಿಂದೆ ಟೂಲನ್ನು ಇಂಗಾಲದ ಉಕ್ಕಿನಿಂದ ಮಾಡುತ್ತಿದ್ದರು. ವೇಗವಾಗಿ ಕಡೆದರೆ ಅದು ಕಾದು ಮೆತ್ತಗಾಗುತ್ತಿತ್ತು. 1900ರ ಸುಮಾರಿಗೆ ಅಮೆರಿಕದ ಟೇಲರ್ ಮತ್ತು ವೈಟ್ ಎಂಬುವರು ಟಂಗ್‌ಸ್ಟನ್ ಬೆರೆತ ಉಕ್ಕನ್ನು ಕಾಯಿಸಿ ಹದಗೊಳಿಸುವ ಹೊಸ ವಿಧಾನವನ್ನು ಕಂಡುಕೊಂಡರು. ಅದರಿಂದ ಬೆಳೆದುಬಂದ 'ಹೈಸ್ಪೀಡ್ ಸ್ಟೀಲ್' ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೂ ತನ್ನ ಗಡಸುತನವನ್ನು ಬಿಟ್ಟುಕೊಡದು. ಅಂಗಡಿಯಲ್ಲಿ ಅದು ಚೌಕನೆಯ ಕಡ್ಡಿಯಾಗಿ ದೊರೆಯುತ್ತದೆ. ಅದಕ್ಕೆ ಬೇಕಾದ ಆಕಾರವನ್ನು ಕೊಡುವುದು ಕೆಲಸಗಾರನ ಕೈ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆ. ರೈತನೊಬ್ಬನು ತನ್ನ ಹಳೆಯ ಪಂಪಿನ ಸವೆದ ಹಿತ್ತಾಳೆಯ ಬುಷ್ಷನ್ನು ತಂದು ಮೇಜಿನ ಮೇಲಿಟ್ಟನು. ಅದರ ಮೈಮೇಲೆ ಅರ್ಧವೃತ್ತದ ಒಂದು ತೋಡು. ಅಂತಹ ಬುಷ್ ಮಾರುಕಟ್ಟೆಯಲ್ಲಿ ಸಿಕ್ಕಿರಲಿಲ್ಲ. ಹೊಲದಲ್ಲಿ ನೀರಿಲ್ಲದೆ ಪೈರು ಬಾಡುತ್ತಿತ್ತು. ಕಾರ್ಖಾನೆಯಲ್ಲಿ ಅಷ್ಟು ದಪ್ಪದ ಹಿತ್ತಾಳೆ ಇದ್ದುದು ಒಂದೇ ತುಂಡು. ಆ ತೋಡನ್ನು ಕೊರೆಯಲು ಸಿದ್ಧವಾದ ಟೂಲೂ ಇರಲಿಲ್ಲ. ಹಿರಿಯ ಮೇಸ್ತ್ರಿಯು ಟೂಲನ್ನು ಸಾಣೆ ಹಿಡಿಯುವ ಕೆಲಸವನ್ನು ಐ.ಟಿ.ಐ. ಮುಗಿಸಿ ಬಂದಿದ್ದ ಹುಡುಗನಿಗೆ ವಹಿಸಿದನು.

ಹುಡುಗನು ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಕಡ್ಡಿಯನ್ನು ಸಾಣೆಯ ಚಕ್ರಕ್ಕೆ ಒಡ್ಡಿದನು. ಕಿಡಿಗಳು ಹಾರಿದವು. ತಗಡಿನಲ್ಲಿ ಕತ್ತರಿಸಿದ ಮಾದರಿಯೊಡನೆ ಟೂಲನ್ನು ಬೆಳಕಿಗೆ ಹಿಡಿದು ನೋಡಿದಾಗ, ಎರಡರ ನಡುವೆ ಬೆಳಕಿನ ಎಳೆಯೂ ತೂರಲಿಲ್ಲ. ಆಕಾರ ಅಷ್ಟು ನಿಖರವಾಗಿತ್ತು! ಮೇಸ್ತ್ರಿಯ ಮಾತಿನಂತೆ ಮೊದಲು ಒಂದು ರದ್ದಿ ತುಂಡಿನ ಮೇಲೆ ಪರೀಕ್ಷಿಸಿದ್ದಾಯಿತು. ಟೂಲ್ ಕೊಯ್ಯಲಿಲ್ಲ; ಕಿರ್ರೆಂದು ಉಜ್ಜತೊಡಗಿತು.

"ಮೇಸ್ತ್ರಿಗಳೇ, ಲೇತ್ ಹಳೆಯದಾಗಿದೆ" ಎಂದನು ಹುಡುಗ. ಕುಣಿಯಲಾರದವಳು ಅಂಗಳ ಡೊಂಕೆಂದಂತಾಯಿತು ಆ ಮಾತು.

ಮೇಸ್ತ್ರಿಯು ಟೂಲನ್ನು ಬಿಚ್ಚಿ ಹುಡುಗನ ಕಣ್ಣಿನ ಮುಂದೆ ಹಿಡಿದನು. "ಅಂಚಿನ ಕೆಳಗೆ ನೋಡು, ತಮ್ಮಾ. ಅಲ್ಲಿ ನೀನು ಇಳಿಜಾರು ಕೊಟ್ಟಿಲ್ಲ. ಅಂಚಿಗಿಂತ ಮೊದಲು ಅದರ ಹೊಟ್ಟೆ ಹಿತ್ತಾಳೆಗೆ ತಾಗುತ್ತಿದೆ. ಕೆಳಗಿನ ಭಾಗ ಹಿಂದೆ ಸರಿದು ಜಾಗ ಬಿಟ್ಟರೆ ತಾನೆ ಮುಂದಿನ ಅಂಚು ಕೊಯ್ಯುವುದು?"

ಹುಡುಗನ ಮುಖ ಕೆಂಪೇರಿತು. ಅವನು ಮತ್ತೆ ಸಾಣೆಯ ಮುಂದೆ ನಿಂತು ಅಂಚಿನ ಕೆಳಗೆ ಸುಮಾರು 10 ಡಿಗ್ರಿಗಳಷ್ಟು ಇಳಿಜಾರು ಕೊಟ್ಟನು. ಮೇಲ್ಭಾಗವನ್ನು ಮಾತ್ರ ಸಮತಟ್ಟಾಗಿಯೇ ಉಳಿಸಿದನು. ಉಕ್ಕನ್ನು ಕಡೆಯುವ ಟೂಲಿಗೆ ಮೇಲ್ಭಾಗದಲ್ಲಿಯೂ ಇಳಿಜಾರು ಬೇಕು. ಅಲ್ಯೂಮಿನಿಯಮ್ಮಿಗೆ ಇನ್ನೂ ಹೆಚ್ಚು ಬೇಕು. ಹಿತ್ತಾಳೆಗೆ ಅದೇ ಇಳಿಜಾರು ಕೊಟ್ಟರೆ ಟೂಲ್ ಲೋಹದೊಳಕ್ಕೆ ತಾನಾಗಿಯೇ ನುಗ್ಗಿ ಕೆಲಸವನ್ನು ಕೆಡಿಸುತ್ತದೆ. ಒಂದೊಂದು ಲೋಹಕ್ಕೂ ಒಂದೊಂದು ಸ್ವಭಾವ. ಅದನ್ನು ಅರಿತು ಅಂಚನ್ನು ರೂಪಿಸಬೇಕು. ಕೊನೆಗೆ ಎಣ್ಣೆಗಲ್ಲಿನಿಂದ ಅಂಚನ್ನು ನಯವಾಗಿ ತೀಡಿ, ಟೂಲಿನ ತುದಿ ಲೇತಿನ ಕೇಂದ್ರದ ಎತ್ತರಕ್ಕೆ ಸರಿಯಾಗಿ ನಿಲ್ಲುವಂತೆ ಬಿಗಿದರು.

ಈ ಸಲ ಹಿತ್ತಾಳೆಯ ಚೂರುಗಳು ಹೊನ್ನಿನ ಪುಡಿಯಂತೆ ಉದುರಿದವು. ಸಂಜೆಯ ಹೊತ್ತಿಗೆ ರೈತನು ಹೊಸ ಬುಷ್ಷನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿನ ಬಸ್ಸು ಹತ್ತಿದನು.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ಗಣಕಯಂತ್ರದ ಆಜ್ಞೆಯಂತೆ ನಡೆಯುವ ಲೇತುಗಳಿವೆ. ಅವುಗಳಿಗೆ ಸಿದ್ಧವಾದ ಕಾರ್ಬೈಡ್ ತುದಿಗಳು ಸಿಗುತ್ತವೆ. ಸವೆದರೆ ತೆಗೆದು ಬೇರೆಯದನ್ನು ಹಾಕಿದರಾಯಿತು. ಒಂದೇ ಬಗೆಯ ಸಾವಿರ ವಸ್ತುಗಳನ್ನು ಮಾಡಲು ಅವು ಬೇಕೇ ಬೇಕು. ಆದರೆ ಒಬ್ಬ ರೈತನಿಗೆ ಬೇಕಾದ ಒಂದೇ ಒಂದು ಬುಷ್ಷಿಗೆ ಇಂದಿಗೂ ಇಂತಹ ಮೇಸ್ತ್ರಿಯ ಕೈಯೇ ಆಸರೆ.

ಅಂದು ಸಂಜೆ ಕಾರ್ಖಾನೆಯ ಬಾಗಿಲು ಮುಚ್ಚುವ ಮುನ್ನ ಹುಡುಗನು ಆ ಟೂಲನ್ನು ಒರೆಸಿ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟನು. ಲೇತ್ ಹಳೆಯದೆಂಬ ಮಾತನ್ನು ಅವನು ಮತ್ತೆ ಆಡಲಿಲ್ಲ.