ಕೆಂಪು ನೆತ್ತಿ, ನೇರಳೆ ನೆತ್ತಿ

ಜೂನ್ 8, ಪ್ಯಾಸಡೀನಾ. ಸಂಜೆ ಏಳೂವರೆ
ಗಿಳಿಗಳ ಗದ್ದಲ, ಕಿವಿಗಡಚಿಕ್ಕುವಷ್ಟು. ಕೆಂಪುನೆತ್ತಿಯವೇ ಹೆಚ್ಚು. ನಡುನಡುವೆ ನೇರಳೆನೆತ್ತಿಯವು: ಬಾಲ ತುಸು ಉದ್ದ, ಹಣೆ ಕಂದುಗೆಂಪು. ಒಂದು ಜೋಡಿ ಕತ್ತಿನ ಗರಿ ತಿದ್ದುತ್ತ ಕೂತಿತ್ತು. ಒಂದು ಕೆಂಪು, ಇನ್ನೊಂದು ನೇರಳೆ. ಎಷ್ಟು ಚಂದ. ಎದೆ ಧಸಕ್ಕೆಂದಿತು.

ಜೂನ್ 9
ನಿದ್ದೆ ಇಲ್ಲ. ಕೆಂಪಿನವುಗಳ ತವರು ಮೆಕ್ಸಿಕೋದ ಈಶಾನ್ಯ, ತಮೌಲಿಪಾಸ್ ಕಡೆ. ನೇರಳೆಯವು ಪೆಸಿಫಿಕ್ ಅಂಚಿನವು. ನಡುವೆ ಬೆಟ್ಟಸಾಲು, ಒಣ ಪ್ರಸ್ಥಭೂಮಿ. ಅಲ್ಲಿ ಮುಖ ನೋಡದವು ಇಲ್ಲಿ ಒಂದೇ ಕೊಂಬೆಯ ಮೇಲೆ. ಎಲ್ಲ ಪಂಜರದ ವ್ಯಾಪಾರ. 1970ರಿಂದ 1982ರೊಳಗೆ ಕೆಂಪುನೆತ್ತಿಯವೇ 16 ಸಾವಿರಕ್ಕೂ ಹೆಚ್ಚು ಈ ದೇಶಕ್ಕೆ ಬಂದವು. ಕೆಲವು ತಪ್ಪಿಸಿಕೊಂಡವು, ಕೆಲವನ್ನು ಬಿಟ್ಟರು. ಎರಡೂ ಅಳಿವಿನಂಚಿನವು.

ಜೂನ್ 29
ಮೆಕ್ಸಿಕೋದ ಕಾಡಿನಲ್ಲಿ ಉಳಿದಷ್ಟೇ ಕೆಂಪುನೆತ್ತಿಗಳು ಅಮೆರಿಕದ ಊರುಗಳಲ್ಲೂ ಇರಬಹುದಂತೆ. ಅಲ್ಲಿ ಕಾಡು ಕಡಿಯುತ್ತಾರೆ, ಗೂಡಿನಿಂದ ಮರಿ ಕದಿಯುತ್ತಾರೆ. ಇಲ್ಲಿ ಲೋಕ್ವಾಟ್ ಹಣ್ಣಿದೆ, ಪೊಟರೆಯಿದೆ. ಅಲ್ಲಿ ಪೂರ್ತಿ ಅಳಿದರೆ ಇಲ್ಲಿಂದ ಒಯ್ದು ಬಿಡಬಹುದು ಅನ್ನುವುದೇ ನನ್ನ ಧೈರ್ಯವಾಗಿತ್ತು. ಎರಡೂ ಜಾತಿ ಬೆರೆತುಹೋದರೆ ಒಯ್ಯುವುದು ಯಾವುದನ್ನು?

ಜುಲೈ 13
ಮಗಳು, ಅಳಿಯ ಬಂದಿದ್ದರು. "ಯಾರು ಯಾರ ಜೊತೆ ಸಂಸಾರ ಮಾಡಿದ್ರೆ ನಿಂಗೇನಮ್ಮಾ?" ಅಂದಳು. ಅಳಿಯ ಇಲ್ಲಿಯವನು. ಮಾತು ಅರ್ಥವಾಗಲಿಲ್ಲ, ಸುಮ್ಮನೆ ನಕ್ಕ.
"ಮನುಷ್ಯರೆಲ್ಲ ಒಂದೇ ಜಾತಿ ಕಣೇ. ಇವು ಎರಡು."
ಅವಳು ಉತ್ತರ ಕೊಡಲಿಲ್ಲ. ನೊಂದಳೇನೋ.

ಜುಲೈ 14, ನಡುರಾತ್ರಿ
ಸ್ಪೇನಿನ ಬಿಳಿತಲೆ ಬಾತುಕೋಳಿ. 1977ರಲ್ಲಿ ಉಳಿದದ್ದು 22. ಕಾಪಾಡಿದರು, ಹೆಚ್ಚಿದವು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಸಾಕಿದವರ ಕೈತಪ್ಪಿದ ಅಮೆರಿಕದ ರಡ್ಡಿ ಬಾತುಕೋಳಿಯ ಸಂತತಿ ಅಲ್ಲಿಗೂ ಹಾರಿತು. ಕೂಡಿದವು. ಬೆರಕೆ ಮರಿಗಳಿಗೂ ಮರಿಯಾಗುತ್ತವೆ, ಅಪಾಯ ಅದೇ. ರಡ್ಡಿಗಳನ್ನೂ ಬೆರಕೆಗಳನ್ನೂ ಗುಂಡಿಟ್ಟು ಕೊಂದರು. ಓದಿ ಹೊಟ್ಟೆ ತೊಳಸಿತು. ಆದರೂ ಸರಿಯೇ ಮಾಡಿದರು ಅನ್ನಿಸುತ್ತದೆ.
ಇಲ್ಲಿ ಕೋವಿ ಯಾರ ಕಡೆಗೆ? ಎರಡೂ ಉಳಿಯಬೇಕಾದವೇ.

ಆಗಸ್ಟ್ 3
ಎಳೆಯದೊಂದು, ಗಟ್ಟಿಯಾಗಿ ಗುಟುಕು ಬೇಡುತ್ತಿತ್ತು. ಹಣೆಯಲ್ಲಿ ಮಾತ್ರ ಕೆಂಪು, ನೆತ್ತಿ ನೀಲಿ. ಬೆರಕೆಯೇ? ಕೆಂಪುನೆತ್ತಿಯ ಮರಿಯೂ ಹೀಗೇ ಇರುತ್ತದೆ. ಕಣ್ಣಿಗೆ ನಿಲುಕುವ ಮಾತಲ್ಲ. ಆಕ್ಸಿಡೆಂಟಲ್ ಕಾಲೇಜಿನ ಮೂರ್ ಪ್ರಯೋಗಾಲಯದವರು ಇವುಗಳ ಡಿಎನ್ಎ ನೋಡುತ್ತಿದ್ದಾರೆ. ಬೆರಕೆ ಎಷ್ಟೆಂದು ತಿಳಿಯಲೇಬೇಕು. ತಿಳಿದ ಮೇಲೆ ಏನು ಮಾಡುತ್ತಾರೋ ಎಂಬ ಭಯವೂ ಇದೆ.

ಆಗಸ್ಟ್ 4
ಮರಿಯ ಫೋಟೋ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದೆ. ಅಮೆಜಾನ್ ಗಿಳಿ, ಅಷ್ಟೇ ಬರೆದೆ; ಎರಡಕ್ಕೂ ಸಲ್ಲುವ ಹೆಸರು. ಟೆಂಪಲ್ ಸಿಟಿಯ ಗುಂಪನ್ನೂ ನೋಡಬೇಕು. ಅಲ್ಲಿ ನೇರಳೆಯವು ಎಷ್ಟಿವೆಯೋ.