ಬೀಜಕ್ಕೆ ಬಿಟ್ಟ ಹಣ್ಣು

ಹಿತ್ತಲಿನ ನಾಟಿ ಟೊಮೇಟೊ ಕೆಂಪಾಗಿದೆ. ಚಪ್ಪಟೆ ಮೈ, ಸುತ್ತ ಉಬ್ಬುತಗ್ಗಿನ ಗೆರೆ, ಉಗುರು ತಾಕಿದರೆ ಸೀಳುವ ಸಿಪ್ಪೆ. ಇದನ್ನು ಕಿವುಚಿ ಹಾಕಿದ ಸಾರಿಗೆ ಹುಣಸೆಹುಳಿ ಬೇಕಿಲ್ಲ. ಎಲ್ಲಕ್ಕಿಂತ ಚೆಲುವಾದ ಹಣ್ಣಿಗೆ ದಾರ ಕಟ್ಟಿದ್ದೇನೆ. ಅದನ್ನು ಯಾರೂ ಕೀಳುವಂತಿಲ್ಲ, ಅದು ಬೀಜಕ್ಕೆ.

ಕೈತೋಟದ ಗೆಳೆಯರಿಗೆ ಇದು ಒಪ್ಪಿಗೆಯಿಲ್ಲ. ಒಳ್ಳೆಯದನ್ನು ತಿನ್ನಿ, ಕೊನೆಗೆ ಉಳಿಯುವ ಗೋಲಿ ಗಾತ್ರದ್ದನ್ನು ಬೀಜ ಮಾಡಿಕೊಳ್ಳಿ, ಒಂದೇ ಗಿಡದ್ದಲ್ಲವೇ ಅನ್ನುತ್ತಾರೆ. ತಳಿಗುಣ ಒಂದೇ, ನಿಜ. ಆದರೆ ಸೊರಗಿದ ಗಿಡದಲ್ಲಿ ಬೀಜ ಜೊಳ್ಳಾಗುತ್ತದೆ, ಕೆಲವು ರೋಗಗಳು ಬೀಜ ಹಿಡಿದೇ ಮುಂದಿನ ಸಸಿಮಡಿಗೆ ಬರುತ್ತವೆ. ಬಿಳಿನೊಣ ಎಲೆಮುದುಡು ರೋಗ ತಂದು ಅಕ್ಕಪಕ್ಕದವನ್ನೆಲ್ಲ ಮುರುಟಿಸಿದರೂ ಹಸಿರಾಗಿ ನಿಂತ ಗಿಡವಿದೆಯಲ್ಲ, ಅದರ ಮೊದಮೊದಲ ಹಣ್ಣೇ ಬೀಜಕ್ಕೆ ಬೇಕು.

ಬೀಜ ಬಿಡಿಸುವುದು ನನ್ನ ಅತಿ ಇಷ್ಟದ ಕೆಲಸ. ಲೋಳೆ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ಎರಡು ಮೂರು ದಿನ ಹುಳಿ ಬರಲು ಬಿಡುತ್ತೇನೆ. ಮೇಲೆ ಬೂಷ್ಟು ಕಟ್ಟಿ ನಾತ ಹೊಡೆಯಬೇಕು. ಮೊಳಕೆಯನ್ನು ತಡೆಯುವ ಲೋಳೆ ಆಗ ಕರಗುತ್ತದೆ, ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ಇನ್ನೂ ಬಿಟ್ಟರೆ ಲೋಟದಲ್ಲೇ ಮೊಳೆಯುತ್ತವೆ. ತೊಳೆದು ಪಿಂಗಾಣಿ ತಟ್ಟೆಯಲ್ಲಿ, ನೆರಳಲ್ಲಿ ಹರಡಬೇಕು. ಒಣಗಿದ ಬೀಜದ ನವಿರು ರೋಮ ಬೆರಳಿಗೆ ತಾಗುವುದು ನನಗೆ ಹಣ್ಣಿನ ರುಚಿಯಷ್ಟೇ ಸುಖ. ಕಾಗದಕ್ಕೆ ಬಳಿದು ಒಣಗಿಸುವವರು ಈ ಸುಖವನ್ನೂ ಬಿಟ್ಟರು, ಜೊಳ್ಳನ್ನೂ ಉಳಿಸಿಕೊಂಡರು.

ಅವರನ್ನಾದರೂ ಸಹಿಸಬಹುದು. ಮಾರುಕಟ್ಟೆಯ ಹಣ್ಣಿನ ಬೀಜ ತೆಗೆದು, ಪೊಟ್ಟಣದ ಮೇಲೆ ‘ನಾಟಿ’ ಎಂದು ಬರೆದು ಹಂಚುವವರನ್ನು ನಾನು ಸಹಿಸಲಾರೆ. ದೂರದೂರಿಗೆ ಲಾರಿಯಲ್ಲಿ ಹೋಗುವ ಗಟ್ಟಿ ಸಿಪ್ಪೆಯ ಹಣ್ಣು ಬಹುಪಾಲು ಎಫ್1 ಹೈಬ್ರಿಡ್. ಹೈಬ್ರಿಡ್ ಮೇಲೆ ನನಗೆ ಹಗೆಯಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆದು ನಿಲ್ಲುತ್ತದೆ. ಆದರೆ ಅದರ ಬೀಜ ಬಿತ್ತಿದರೆ ಗಿಡಕ್ಕೊಂದು ಗುಣ. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಬೀಜ ಉಳಿಸಬಹುದು. ಇಷ್ಟು ವ್ಯತ್ಯಾಸ ತಿಳಿಯದೆ ಹಂಚಿದ ಪೊಟ್ಟಣ ಹತ್ತು ಕೈ ದಾಟಿದರೆ, ಊರಿನ ನಿಜವಾದ ತಳಿ ಯಾವುದೆಂದು ಹೇಳುವವರೇ ಇರುವುದಿಲ್ಲ.

ಟೊಮೇಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಚಪ್ಪಟೆ ಹಣ್ಣಿನ ತಳಿಗಳ ದೊಡ್ಡ ಹೂವಲ್ಲಿ ಮಾತ್ರ ಶಲಾಕಾಗ್ರ ಹೊರಚಾಚುವುದುಂಟು, ದುಂಬಿ ಬೇರೆ ಪರಾಗ ತರಬಹುದು. ಅದಕ್ಕೇ ಬೀಜದ ಗೊಂಚಲಿಗೆ, ಹೂ ಅರಳುವ ಮುಂಚೆ, ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ.

ಚೆನ್ನಾಗಿ ಒಣಗಿಸಿ ತಂಪಾಗಿಟ್ಟರೆ ಬೀಜ 4–5 ವರ್ಷ ಮೊಳೆಯುತ್ತದೆ. ಹಂಚುವಾಗ ಎಲ್ಲಿಂದ ಬಂದದ್ದು, ಯಾವ ವರ್ಷದ್ದು ಎಂದು ಪೊಟ್ಟಣದ ಮೇಲೆ ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ.