ಹತ್ತೊಂಬತ್ತನೇ ವಾರ

ಸವಿತಾ ಹಾಲಪ್ಪನವರ್ ಹೆಸರು ನಿಮಗೆ ನೆನಪಿರಬಹುದು. ಬೆಳಗಾವಿಯ ಮನೆಮಗಳು, ದಂತವೈದ್ಯೆ, ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿ ಇದ್ದವಳು. ಹದಿನೇಳು ವಾರದ ಬಸುರಿ, 2012ರ ಅಕ್ಟೋಬರ್ 21ರಂದು ನೋವೆಂದು ಆಸ್ಪತ್ರೆಗೆ ಸೇರಿದಳು, 28ರಂದು ತೀರಿಕೊಂಡಳು. ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಮೊದಲೇ ಗೊತ್ತಾಗಿತ್ತು. ಹಾಗಿದ್ದರೆ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇತ್ತು, ತಾಯಿಯ ಜೀವಕ್ಕೆ ಅಪಾಯ ಬಂದಿದೆ ಎಂದು ವೈದ್ಯರಿಗೆ ಅನ್ನಿಸಿರಲಿಲ್ಲ, ಆದ್ದರಿಂದ ಆ ದೇಶದ ಕಾನೂನು ಬಿಡುವುದಿಲ್ಲ ಎಂದಾಯಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ಹೌದೆಂದು ವಾರ್ಡಿನ ಹೆರಿಗೆ ನರ್ಸ್ ಒಬ್ಬರು ಮುಂದೆ ವಿಚಾರಣೆಯಲ್ಲಿ ಹೇಳಿದರು. 24ರಂದು ಎದೆಬಡಿತ ನಿಂತಿತು. ಅಷ್ಟರಲ್ಲಿ ನಂಜು ಸವಿತಾಳ ರಕ್ತಕ್ಕೆ ಏರಿತ್ತು.

ಸುದ್ದಿ ನಮಗೆ ತಲುಪಿದ್ದು ನವೆಂಬರ್ ಮಧ್ಯದಲ್ಲಿ. ನಾನೂ ಬೆಳಗಾವಿಯವನೇ, ಕೆಲಸ ಪುಣೆಯಲ್ಲಿ. ಆಗ ನನ್ನ ಹೆಂಡತಿ ನಾಲ್ಕು ತಿಂಗಳ ಬಸುರಿ. ಅವ್ವ ಫೋನಿನಲ್ಲಿ, "ನಮ್ಮೂರ ಹುಡುಗಿ ನೋಡಪಾ, ಅಷ್ಟ ದೂರ ಹೋಗಿ ಹಿಂಗಾತು" ಎಂದು ಅತ್ತಳು. ನನ್ನ ಟೀಮಿನಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯನೊಬ್ಬ ಇದ್ದ. ಭಾನುವಾರ ಕ್ಯಾಂಪಿನ ಚರ್ಚಿಗೆ ತಪ್ಪದೆ ಹೋಗುವವನು, ಶನಿವಾರ ರಾತ್ರಿ ರಿಲೀಸ್ ಇದ್ದರೂ. ಕ್ಯಾಂಟೀನಿನಲ್ಲಿ ಅವನ ಮೇಲೆ ಹರಿಹಾಯ್ದೆ. ಅವನು ಪೂರ್ತಿ ಕೇಳಿಸಿಕೊಂಡು, "ನಿನ್ನ ಸಿಟ್ಟು ಸರಿಯೇ ಉಂಟು ಮಾರಾಯ. ಆದರೆ ಧರ್ಮಸಭೆ ಹೇಳುವುದು ಎಂತದ್ದು ಅಂತ ಒಮ್ಮೆ ಓದು. ಮತ್ತೆ ಜಗಳ ಮಾಡುವ" ಎಂದ.

ಓದಿದೆ. ಪೋಪ್ ಎರಡನೇ ಜಾನ್ ಪಾಲ್ 1995ರಲ್ಲಿ ಹೊರಡಿಸಿದ 'ಎವಾಂಜೆಲಿಯುಮ್ ವೀಟೆ' ಎಂಬ ವಿಶ್ವಪತ್ರದಿಂದ ಶುರುಮಾಡಿದೆ. ಉದ್ದೇಶಪೂರ್ವಕ ಗರ್ಭಪಾತ ಯಾವ ಸಂದರ್ಭದಲ್ಲೂ ಘೋರ ತಪ್ಪು ಎನ್ನುವಲ್ಲಿ ಅದಕ್ಕೆ ಎಳ್ಳಷ್ಟೂ ಅಳುಕಿಲ್ಲ. ನನಗೆ ಹಿಡಿಸಿದ್ದು ಆ ಖಡಾಖಂಡಿತ ತೀರ್ಪಲ್ಲ, ಅದರ ಹಿಂದಿನ ವಾದ. ಆತ್ಮ ಯಾವಾಗ ದೇಹವನ್ನು ಸೇರುತ್ತದೆ ಎಂಬ ಲೆಕ್ಕದ ಮೇಲೆ ಆ ವಾದ ನಿಂತಿದೆ ಎಂದುಕೊಂಡಿದ್ದೆ. ಹಾಗಿಲ್ಲ. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್, ಅರಿಸ್ಟಾಟಲನನ್ನು ಅನುಸರಿಸಿ, ಮಾನವ ಆತ್ಮ ತಡವಾಗಿ ಬರುತ್ತದೆ ಎಂದೇ ನಂಬಿದ್ದ. ಚರ್ಚಿನ ಶಿಕ್ಷೆಗಳಲ್ಲಿ ಆತ್ಮ ಬಂದ ಭ್ರೂಣ, ಬಾರದ ಭ್ರೂಣ ಎಂಬ ಭೇದ ಪೂರ್ತಿ ಹೋದದ್ದು 1869ರಲ್ಲಿ, ಒಂಬತ್ತನೇ ಪಯಸ್ ಕಾಲದಲ್ಲಿ. ಈಗಿನ ಬೋಧನೆ ಹೇಳುವುದು ಇಷ್ಟು: ಅಲ್ಲಿ ಇರುವುದು ಹೊಸದೊಂದು ಮನುಷ್ಯಜೀವ, ಅದನ್ನು ವ್ಯಕ್ತಿಯಂತೆಯೇ ಕಾಣಬೇಕು, ಎಷ್ಟು ಬೆಳೆದಿದೆ, ಯಾರಿಗೆ ಬೇಕಾಗಿದೆ, ಮುಂದೆ ಏನಾಗಬಲ್ಲದು ಎಂದು ನೋಡಿ ಅದರ ಘನತೆಯನ್ನು ಅಳೆಯಬಾರದು.

ಎಂಜಿನಿಯರಿಂಗ್ ಓದಿದ ತಲೆಗೆ ಇದು ನಾಟಿತು. ಗೆರೆ ಎಲ್ಲಿ ಎಳೆಯುತ್ತೀರಿ? ಎದೆಬಡಿತಕ್ಕೆ ಎಳೆದರೆ ಒಂದು ದಿನ ಹಿಂದೆ ಇದ್ದದ್ದು ಏನು? ಹೊರಗೆ ಬದುಕುವ ಶಕ್ತಿಗೆ ಎಳೆದರೆ, ಒಳ್ಳೆಯ ಎನ್‌ಐಸಿಯು ಇರುವ ಪುಣೆಯಲ್ಲಿ ಒಂದು ವಾರ, ಅದಿಲ್ಲದ ತಾಲ್ಲೂಕಿನಲ್ಲಿ ಇನ್ನೊಂದು ವಾರ. ಯಂತ್ರ ಸುಧಾರಿಸಿದಂತೆ ಮನುಷ್ಯ ಬೇಗ ಮನುಷ್ಯನಾಗುತ್ತಾನೆಯೇ? ಇದಕ್ಕೆ ನನ್ನ ಹತ್ತಿರ ಈಗಲೂ ಒಳ್ಳೆಯ ಉತ್ತರವಿಲ್ಲ. ಹಾಗೆ ನೋಡಿದರೆ ನಮ್ಮ ಧರ್ಮಶಾಸ್ತ್ರಗಳೂ ಭ್ರೂಣಹತ್ಯೆಯನ್ನು ಘೋರ ಪಾಪಗಳ ಸಾಲಿನಲ್ಲೇ ಇಟ್ಟಿವೆ. ನಾವು ಆ ಪದವನ್ನು ಪುಸ್ತಕದಲ್ಲಿಟ್ಟು, ಮನೆಯಲ್ಲಿ 'ತೆಗೆಸಿದರಂತೆ', 'ಕ್ಲೀನ್ ಮಾಡಿಸಿದರಂತೆ' ಅನ್ನುತ್ತೇವೆ. ಪುಣೆಯಿಂದ ಬೆಳಗಾವಿಗೆ ಹೋಗುವ ರೈಲು ಮೀರಜ್ ಮೇಲೆಯೇ ಹೋಗುತ್ತದೆ. ಅದರ ಹತ್ತಿರದ ಮ್ಹೈಸಾಳದಲ್ಲಿ 2017ರ ಮಾರ್ಚ್‌ನಲ್ಲಿ 19 ಭ್ರೂಣಗಳನ್ನು ಹೂತದ್ದು ಪೊಲೀಸರಿಗೆ ಸಿಕ್ಕಿತು. ಅಲ್ಲಿಯೂ ಯಾರೋ ಯಾರ ಮನೆಯಲ್ಲೋ ಕ್ಲೀನ್ ಎಂಬ ಪದವನ್ನೇ ಬಳಸಿರಬೇಕು.

ಇನ್ನು ತಾಯಿಯ ಜೀವದ ವಿಷಯ. ಸವಿತಾ ತೀರಿಕೊಂಡ ಮೇಲೆ, ಅದೇ ನವೆಂಬರಿನಲ್ಲಿ, ಐರ್ಲೆಂಡಿನ ಬಿಷಪ್ಪರು ಹೇಳಿಕೆ ಕೊಟ್ಟರು: ತಾಯಿಗಿಂತ ಮಗುವಿನ ಜೀವ ಹೆಚ್ಚು ಎಂದು ಸಭೆ ಎಂದೂ ಕಲಿಸಿಲ್ಲ, ಇಬ್ಬರದೂ ಸಮಾನ, ತಾಯಿಗೆ ಬೇಕಾದ ಚಿಕಿತ್ಸೆಯಿಂದ ಮಗುವಿಗೆ ಅಪಾಯವಾದರೂ, ಇಬ್ಬರನ್ನೂ ಉಳಿಸಲು ಪ್ರಯತ್ನಿಸುತ್ತ ಆ ಚಿಕಿತ್ಸೆ ಕೊಡಬಹುದು. ಅಮೆರಿಕದ ಬಿಷಪ್ಪರು ತಮ್ಮ ಆಸ್ಪತ್ರೆಗಳಿಗೆ ಬರೆದ ಕೈಪಿಡಿಯ 47ನೇ ನಿಯಮವೂ ಇದನ್ನೇ ಹೇಳುತ್ತದೆ. ಗರ್ಭಕೋಶಕ್ಕೆ ಕ್ಯಾನ್ಸರ್ ಆದರೆ ಅದನ್ನು ತೆಗೆಯಬಹುದು. ಒಳಗೆ ನಂಜಾದರೆ ಹೆರಿಗೆ ಮಾಡಿಸಬಹುದು. ಮಗು ಉಳಿಯದಿದ್ದರೂ ಅದು ಗರ್ಭಪಾತ ಎನಿಸುವುದಿಲ್ಲ. ಒಂದು ಕೆಲಸಕ್ಕೆ ಎರಡು ಫಲ ಇರುವಾಗ, ನೀನು ಬಯಸಿದ್ದು ಯಾವುದು, ಬಯಸದೆ ಸಹಿಸಿದ್ದು ಯಾವುದು ಎಂದು ಕೇಳುವ ಹಳೆಯ ತರ್ಕ ಇದು.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದವನಿಗೆ ಕಾಗದದ ಬಗ್ಗೆ ಒಂದು ಗುಮಾನಿ ಇರುತ್ತದೆ. ನಿಯಮ ಬರೆದವನು ಊಹಿಸಿಕೊಂಡದ್ದು ಸ್ಪಷ್ಟ ಸ್ಥಿತಿ: ನಂಜಾಗಿದೆ, ಅಥವಾ ಆಗಿಲ್ಲ. ವಾರ್ಡಿನಲ್ಲಿ ಇರುವುದು ನಸುಗತ್ತಲು: ಆಗುತ್ತಿರಬಹುದು. ತಪ್ಪಿದರೆ ಜೈಲು ಎಂದು ಗೊತ್ತಿರುವ ವೈದ್ಯ ಆ ನಸುಗತ್ತಲಿನಲ್ಲಿ ಕಾಯುತ್ತಾನೆ. ಗಾಲ್ವೇಯದು ಚರ್ಚಿನ ಆಸ್ಪತ್ರೆಯೂ ಅಲ್ಲ, ಸರ್ಕಾರಿ ಆಸ್ಪತ್ರೆ. ಅದು ಕೈತಪ್ಪಿಸಿಕೊಂಡ ಅವಕಾಶಗಳು ಹದಿಮೂರು ಎಂದು 2013ರ ತನಿಖಾ ವರದಿ ಎಣಿಸಿತು. ಅಂದರೆ ಕಾನೂನೊಂದನ್ನೇ ದೂರುವಂತೆಯೂ ಇಲ್ಲ. ಆದರೆ ಮೊದಲ ಎರಡು ದಿನ, ಅವಳು ಬಾಯಿಬಿಟ್ಟು ಕೇಳಿದಾಗ, ಅಡ್ಡ ನಿಂತದ್ದು ಕಾನೂನೇ.

ಗೆಳೆಯ ನನಗೆ ಇನ್ನೊಂದು ಹೆಸರು ಹೇಳಿದ್ದ: ಜಿಯಾನ್ನಾ ಬೆರೆಟ್ಟಾ ಮೊಲ್ಲಾ. ಇಟಲಿಯ ಮಕ್ಕಳ ವೈದ್ಯೆ. 1961ರಲ್ಲಿ ಬಸುರಿಯಾಗಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಗರ್ಭಕೋಶವನ್ನೇ ತೆಗೆಸಿಕೊಳ್ಳಲು ಸಭೆಯ ನೀತಿಯ ಅಡ್ಡಿಯಿರಲಿಲ್ಲ. ಆಕೆ ಗಡ್ಡೆಯಷ್ಟನ್ನೇ ತೆಗೆಸಿ ಬಸಿರನ್ನು ಉಳಿಸಿಕೊಂಡಳು. 1962ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದ ಒಂದು ವಾರಕ್ಕೆ ತೀರಿಕೊಂಡಳು. 2004ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದಾಗ ಆ ಮಗಳು ಅಲ್ಲೇ ಇದ್ದಳು. ಗೆಳೆಯ ಇದನ್ನು ಹೇಳಿದ್ದು ನನ್ನನ್ನು ಒಪ್ಪಿಸಲು. ನನಗೆ ಬೇರೆಯದೇ ಹೊಳೆಯಿತು. ಜಿಯಾನ್ನಾ ಸಂತಳಾದದ್ದು ಆಕೆಗೆ ಬೇರೆ ದಾರಿ ಇದ್ದದ್ದರಿಂದ. ಸವಿತಾಳಿಂದ ಅದನ್ನೇ ಕಿತ್ತುಕೊಂಡರು. ಕೊಟ್ಟರೆ ತ್ಯಾಗ, ಕಿತ್ತುಕೊಂಡರೆ ಅದಕ್ಕೆ ಬೇರೆ ಹೆಸರು.

ಇಷ್ಟೆಲ್ಲ ಓದುತ್ತಿರುವಾಗಲೇ ಡಿಸೆಂಬರ್ ಬಂತು, ನಮ್ಮ ಸ್ಕ್ಯಾನ್ ಆಯಿತು. ಹತ್ತೊಂಬತ್ತು ವಾರ, ಎರಡು ದಿನ. ಮಗುವಿನ ಎರಡೂ ಪಾದ ಒಳಕ್ಕೆ ತಿರುಗಿವೆ ಎಂದರು ಡಾಕ್ಟರು. ಕ್ಲಬ್‌ಫುಟ್. ಇದೊಂದೇ ಆದರೆ ಹೆದರಬೇಕಿಲ್ಲ, ಹುಟ್ಟಿದ ಮೇಲೆ ವಾರವಾರ ಪ್ಲಾಸ್ಟರ್ ಹಾಕಿ ನೆಟ್ಟಗೆ ಮಾಡುತ್ತಾರೆ. ಆದರೆ ಕೆಲವೊಮ್ಮೆ ಇದು ಇನ್ನೂ ದೊಡ್ಡ ತೊಂದರೆಯ ಗುರುತು. ಗರ್ಭದ ನೀರು ತೆಗೆದು ಪರೀಕ್ಷೆಗೆ ಕಳಿಸಬಹುದು. ಪೂರ್ತಿ ವರದಿಗೆ ಎರಡು-ಮೂರು ವಾರ. ಆಗಿನ ಕಾನೂನಿನ ಗಡಿ ಇಪ್ಪತ್ತು ವಾರ. ನಮ್ಮ ಕೈಯಲ್ಲಿ ಇದ್ದದ್ದು ಐದು ದಿನ. ಡಾಕ್ಟರು ಒಳ್ಳೆಯವರು, ಯಾವ ಕಡೆಗೂ ತಳ್ಳಲಿಲ್ಲ. ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕಿ ಕೊಟ್ಟರು.

ಸುದ್ದಿ ಊರಿಗೆ ಹೋದ ಮೇಲೆ ಫೋನುಗಳು. "ಇನ್ನೂ ವಯಸ್ಸೈತಿ, ತಗಿಸಿಬಿಡ್ರಿ, ಮುಂದ ನೋಡೋಣಂತ." ಯಾರೂ ಕೆಟ್ಟವರಲ್ಲ, ಎಲ್ಲರೂ ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಕುಂಟುವ ಮಗಳಿಗೆ ಮದುವೆ ಹೇಗೆ ಎಂದು ಚಿಂತಿಸಿದ ಸೋದರತ್ತೆಯೂ ಇದ್ದಳು. ಮಗು ಗಂಡೋ ಹೆಣ್ಣೋ ಯಾರಿಗೂ ಗೊತ್ತಿರಲಿಲ್ಲ, ಕುಂಟು ಎಂದ ಕೂಡಲೇ ಅವಳಿಗೆ ಅದು ಹೆಣ್ಣಾಗಿಯೇ ಕಂಡಿತು. ನಾನು ರಾತ್ರಿ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಮಾಡಿದೆ: ಸಂಭವ, ಪರಿಣಾಮ, ಖರ್ಚು. ರಿಸ್ಕ್ ರಿಜಿಸ್ಟರ್ ಮಾಡುವವನಿಗೆ ಬೇರೇನು ಬರುತ್ತದೆ? ಹೆಂಡತಿ ಬಂದು ಪಕ್ಕದಲ್ಲಿ ಕೂತಳು. "ಅದನ್ನ ಮುಚ್ಚರಿ. ಕಾಲು ಸೊಟ್ಟ ಅದಾವ ಅಂತೀರಿ. ಅವ ಕಾಲಿಂದನ ನಿನ್ನಿಂದ ಒದಿಯಾಕತ್ತೈತಿ. ಇನ್ನ ನಾ ಏನ್ ಲೆಕ್ಕ ಮಾಡ್ಲಿ?"

ಆ ವಾರ ಗೆಳೆಯ ನನಗೆ ಬೋಧನೆ ಮಾಡಲಿಲ್ಲ. ನಾನೇ ಕೇಳಿದೆ: ನೀನಾಗಿದ್ದರೆ? ಅವನೆಂದ, "ನಾನಾಗಿದ್ದರೆ ಇಡುತ್ತಿದ್ದೆ. ಆದರೆ ಹೊರುವುದು ನಾನಲ್ಲ. ನೀವು ಏನು ಮಾಡಿದರೂ ಆಸ್ಪತ್ರೆಗೆ ನಾನು ಬರುತ್ತೇನೆ." ಪ್ಲಾಸ್ಟರಿನ ದಿನಗಳಲ್ಲಿ ನಿಜವಾಗಿಯೂ ಬಂದ.

ಮಗಳು ಹುಟ್ಟಿದಳು. ಪಾದ ಬಿಟ್ಟರೆ ಬೇರೇನೂ ತೊಂದರೆ ಇರಲಿಲ್ಲ. ಆರು ಪ್ಲಾಸ್ಟರ್, ಹಿಮ್ಮಡಿಯ ನರಕ್ಕೆ ಸಣ್ಣದೊಂದು ಕೊಯ್ತ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಎರಡು ಬೂಟುಗಳ ನಡುವೆ ಕಬ್ಬಿಣದ ಪಟ್ಟಿ. ಈಗ ಸ್ಕೂಲಿನ ಖೋ-ಖೋ ಟೀಮಿನಲ್ಲಿದ್ದಾಳೆ. ಇದನ್ನು ಸಾಕ್ಷಿಯೆಂದು ಮುಂದಿಡುತ್ತಿಲ್ಲ. ದೊಡ್ಡ ತೊಂದರೆಯೇ ಇದ್ದಿದ್ದರೆ ಈ ಪ್ಯಾರಾ ಬೇರೆ ಥರ ಇರುತ್ತಿತ್ತು, ಆದರೆ ಹೆಂಡತಿಯ ಮಾತಿನ ತೂಕ ಅಷ್ಟೇ ಇರುತ್ತಿತ್ತು. ನಮ್ಮಂತೆಯೇ ಐದು ದಿನ ಸಿಕ್ಕು ಇನ್ನೊಂದು ದಾರಿ ಹಿಡಿದ ಮನೆಗಳು ನನ್ನ ಪರಿಚಯದಲ್ಲೇ ಇವೆ. ಆ ತಾಯಂದಿರು ತಾರೀಖನ್ನು ಮರೆತಿಲ್ಲ. ಅವರ ಬಗ್ಗೆ ತೀರ್ಪು ಕೊಡಲು ನಾನು ಯಾರು?

ನಮ್ಮ ಕಾನೂನಿನ ಬಗ್ಗೆ ಮಾತ್ರ ಒಂದು ತಕರಾರಿದೆ. 1971ರ ಗರ್ಭಪಾತ ಕಾಯ್ದೆ 2021ರಲ್ಲಿ ತಿದ್ದುಪಡಿಯಾಯಿತು. ಕೆಲವು ವರ್ಗದ ಮಹಿಳೆಯರಿಗೆ ಗಡಿ 24 ವಾರವಾಯಿತು. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನದು ಬೇಕಿಲ್ಲ ಎಂಬುದು ಮೊದಲಿನಿಂದಲೂ ಇದೆ, ಅದು ಆ ಕಾಯ್ದೆಯ ಅತ್ಯುತ್ತಮ ಸಾಲು. ಆದರೆ ಭ್ರೂಣದಲ್ಲಿ ಗಣನೀಯ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರಗಳ ಮಿತಿಯೇ ಇಲ್ಲ. ವರದಿಗೆ ಕಾಯುವ ನಮ್ಮಂಥ ದಂಪತಿಗಳಿಗೆ ಇದು ದೊಡ್ಡ ನೆಮ್ಮದಿ, ಸರಿ. ಜೊತೆಗೇ ಇದು ಇನ್ನೊಂದನ್ನೂ ಹೇಳುತ್ತದೆ: ಆರೋಗ್ಯವಂತ ಭ್ರೂಣಕ್ಕೆ ಕಾನೂನು ಒಂದು ಗೆರೆ ಎಳೆದು ಕಾಯುತ್ತದೆ, ದೋಷವಿರುವುದಕ್ಕೆ ಆ ಗೆರೆ ಇಲ್ಲ. ಕ್ಯಾಥೊಲಿಕ್ ಬೋಧನೆ ನನ್ನನ್ನು ಕುಟುಕುವುದು ಇಲ್ಲಿಯೇ. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರಡಿಸಿದ 'ದಿಗ್ನಿತಾಸ್ ಇನ್ಫಿನೀತಾ' ಗರ್ಭಪಾತವನ್ನು ಬಡತನ, ಯುದ್ಧ, ವಲಸಿಗರ ಬವಣೆ, ಅಂಗವಿಕಲರನ್ನು ಮೂಲೆಗೊತ್ತುವುದು, ಇವುಗಳ ಪಟ್ಟಿಯಲ್ಲೇ ಸೇರಿಸಿದೆ. ಯಾರ ಘನತೆಯೂ ಅವರ ಸಾಮರ್ಥ್ಯದಿಂದ ಬರುವುದಿಲ್ಲ ಎಂಬ ಒಂದೇ ಎಳೆ. ಆ ಪಟ್ಟಿಯನ್ನು ಪೂರ್ತಿ ಓದಿದವರು ಎಡಕ್ಕೂ ಕಡಿಮೆ, ಬಲಕ್ಕೂ ಕಡಿಮೆ ಎನ್ನುವುದು ನನ್ನ ಅನುಮಾನ.

ಸಭೆಯ ಒಳಗೂ ಎಲ್ಲ ಇತ್ಯರ್ಥವಾಗಿದೆ ಎಂದುಕೊಳ್ಳಬೇಡಿ. 2009ರಲ್ಲಿ ಅಮೆರಿಕದ ಫೀನಿಕ್ಸ್‌ನ ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವಾರದ ಬಸುರಿಯೊಬ್ಬಳು ಶ್ವಾಸಕೋಶದ ರಕ್ತದೊತ್ತಡದಿಂದ ಸಾಯುವ ಸ್ಥಿತಿಯಲ್ಲಿದ್ದಳು. ನೈತಿಕ ಸಮಿತಿಯಲ್ಲಿದ್ದ ಸಿಸ್ಟರ್ ಮಾರ್ಗರೆಟ್ ಮೆಕ್‌ಬ್ರೈಡ್ ಗರ್ಭಪಾತಕ್ಕೆ ಒಪ್ಪಿದರು; ತಾಯಿ ಉಳಿದಳು. ಸಿಸ್ಟರ್ ಧರ್ಮಬಹಿಷ್ಕಾರಕ್ಕೆ ಒಳಗಾಗಿದ್ದಾರೆ ಎಂದರು ಬಿಷಪ್. ಮರುವರ್ಷ ಆಸ್ಪತ್ರೆ ಕ್ಯಾಥೊಲಿಕ್ ಎಂಬ ಮಾನ್ಯತೆಯನ್ನೇ ಕಳೆದುಕೊಂಡಿತು. ಆ ಸಂನ್ಯಾಸಿನಿ ಬೋಧನೆಯನ್ನು ಮುರಿದರೋ, ಬಿಷಪ್ಪರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರೋ? ಇದನ್ನು ಕೇಳಿದಾಗ ನನ್ನ ಗೆಳೆಯ ಬಹಳ ಹೊತ್ತು ಸುಮ್ಮನಿದ್ದ.

ಅವನೀಗ ಬೆಂಗಳೂರಿನಲ್ಲಿದ್ದಾನೆ. ಜಗಳ ಮುಂದುವರಿದಿದೆ, ಹೆಚ್ಚಾಗಿ ಫೋನಿನಲ್ಲಿ. ಐರ್ಲೆಂಡಿನಲ್ಲಿ 2018ರ ಮೇ 25ರಂದು ಜನಮತಗಣನೆ ನಡೆಯಿತು. ಬೆಳಗಾವಿಯಿಂದ ಸವಿತಾಳ ತಂದೆ ಆ ದೇಶದವರಿಗೆ 'ಹೌದು' ಎಂದು ಮತ ಹಾಕಿ ಎಂದು ಕೇಳಿಕೊಂಡಿದ್ದರು. ಶೇ 66.4ರಷ್ಟು ಜನ ಹೌದೆಂದರು. ತಾಯಿ-ಭ್ರೂಣ ಇಬ್ಬರ ಹಕ್ಕೂ ಸಮ ಎಂದು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ ವಿಧಿ ಹೋಯಿತು. ಗೆಳೆಯನ ಪ್ರಕಾರ ಅಲ್ಲಿ ಒಂದು ಅನ್ಯಾಯ ಸರಿಪಡಿಸಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದರು. ಕಾನೂನು ಸುಮ್ಮನಿದ್ದರೆ ಅದೂ ಒಂದು ಪಾಠವೇ. ನನ್ನ ಪ್ರಕಾರ, ಹುಟ್ಟದ ಜೀವಕ್ಕೆ ಘನತೆಯಿದೆ ಎಂದು ನಾನು ನಂಬಿದರೂ, ಅದನ್ನು ಹೊರುವ ದೇಹವನ್ನು ಸರ್ಕಾರ ಬಲವಂತವಾಗಿ ವಶಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮೊನ್ನೆಯೂ ಇಲ್ಲಿಗೇ ಬಂದು ನಿಂತೆವು. ಅವನಿಗೆ ಕ್ಲೈಂಟ್ ಕಾಲ್ ಇತ್ತು. ಮುಂದಿನ ತಿಂಗಳು ಪುಣೆಗೆ ಬರುತ್ತಾನಂತೆ. "ನಾವಿಬ್ಬರೇ ಎಷ್ಟು ಅಂತ ಮಾತಾಡುವುದು ಮಾರಾಯ, ಅಕ್ಕನನ್ನೂ ಕೂರಿಸಿ ಕೇಳುವ" ಎಂದಿದ್ದಾನೆ.